ಮಾಯಕ್ಕನ ನೇರಳೆ ಕೂದಲು

ಅಗಸೆ ಎಣ್ಣೆ ಮತ್ತು ಟರ್ಪೆಂಟೈನ್ ಬೆರೆತ ವಾಸನೆ ಬಂದರೆ ನನಗೆ ಈಗಲೂ ಏಳು ವರ್ಷ. ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ ನಮ್ಮ ಶಾಲೆಯ ಗೋಡೆಗೆ ಅಂಟಿಕೊಂಡು ಒಬ್ಬ ಪೇಂಟರನ ಅಂಗಡಿ ಇತ್ತು. ಕಿಟಕಿ ತೆಗೆದರೆ ಆ ವಾಸನೆ ನಮಗಿಂತ ಮೊದಲು ಒಳಗೆ ಬಂದು ಕೂತಿರುತ್ತಿತ್ತು. ಬುತ್ತಿ ಬಿಚ್ಚಿದರೂ ಅದೇ, ಮಗ್ಗಿ ಹೇಳಿದರೂ ಅದೇ. ಹದಿಮೂರರ ಮಗ್ಗಿ ನನಗೆ ಇಂದಿಗೂ ಟರ್ಪೆಂಟೈನಿನ ವಾಸನೆ ಹೊಡೆಯುತ್ತದೆ.

ಆ ಪೇಂಟರನ ಮಗ ನಾಗಲಿಂಗ. ಅರವತ್ತೆರಡು ವರ್ಷ, ಮನೆ ನಮ್ಮ ಓಣಿಯಲ್ಲೇ. ಅಪ್ಪನ ಕುಂಚ, ಅಪ್ಪನ ಏಣಿ, ಅಪ್ಪನ ವಾಸನೆ, ಮೂರೂ ಅವನ ಪಾಲಿಗೆ ಬಂದಿದ್ದವು. ಆದರೆ ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಸುವವರು ನಿಂತುಹೋದರು. ಉಳಿದದ್ದು ಒಂದೇ ಕೆಲಸ, ತೀರಿಕೊಂಡವರ ಚಿತ್ರ. ನಮ್ಮ ಕಡೆ ಮನೆಯಲ್ಲಿ ಯಾರಾದರೂ ಹೋದರೆ ವರ್ಷದೊಳಗೆ ಅವರ ಮುಖ ಪಡಸಾಲೆಯ ಗೋಡೆಗೆ ಬರಬೇಕು. ಸಣ್ಣ ಫೋಟೋ ಒಯ್ದು ಕೊಟ್ಟರೆ ನಾಗಲಿಂಗ ದೊಡ್ಡದಾಗಿ ಬರೆದು ಕೊಡುತ್ತಿದ್ದ. ಈ ಕೆಲಸದಲ್ಲಿ ಅವನು ಎರಡು ನೇಮ ಬಿಡುತ್ತಿರಲಿಲ್ಲ. ಹಣೆ ಬರಿದಾಗಿರಬಾರದು, ವಿಭೂತಿಯೋ, ಕುಂಕುಮವೋ, ಭಂಡಾರದ ಅರಿಶಿನವೋ, ಅವರವರ ಮನೆಯ ಗುರುತು ಇರಲೇಬೇಕು. ಎರಡನೆಯದು ಕಣ್ಣು. ನೀವು ಪಡಸಾಲೆಯ ಯಾವ ಮೂಲೆಯಲ್ಲಿ ಕೂತರೂ ಆ ಕಣ್ಣು ನಿಮ್ಮನ್ನೇ ನೋಡಬೇಕು, ಸ್ವಲ್ಪ ಒದ್ದೆಯೂ ಇರಬೇಕು. ಅವನ ಬಾಜು ಮನೆಯ ಸಂಗವ್ವ ತನ್ನ ಮಾವ ಬಸಲಿಂಗಪ್ಪನವರ ಚಿತ್ರದ ಎದುರು ಎರಡನೇ ಸಲ ಚಹಾ ಕುಡಿದವಳಲ್ಲ. ನನ್ನ ಗಂಡನ, ಅಂದರೆ ನಮ್ಮ ಮನೆಯವರ ಚಿತ್ರವನ್ನೂ ನಾಗಲಿಂಗನೇ ಬರೆದದ್ದು. ಫೋಟೋದಲ್ಲಿ ಅವರ ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿತ್ತು. ನಾನು ಹೇಳದಿದ್ದರೂ ಅವನು ಒಂದು ಗುಂಡಿ ಹಚ್ಚಿ ಕೊಟ್ಟಿದ್ದ.

ಹೀಗೆ ಊರಿನ ಸತ್ತವರನ್ನೆಲ್ಲ ಗೋಡೆಗೆ ಏರಿಸಿದವನ ಮನೆಯಲ್ಲಿ ಮಾತ್ರ ಎರಡು ವರ್ಷದಿಂದ ಒಂದು ಖಾಲಿ ಚೌಕಟ್ಟು ತೂಗುತ್ತಿತ್ತು. ಅದು ಅವನ ಹೆಂಡತಿ ಮಾಯಕ್ಕನ ಜಾಗ. ಮಾಯಕ್ಕ ಕ್ಯಾಮೆರಾ ಕಂಡರೆ ಒಳಗೆ ಹೋಗುವವಳು. ಇದ್ದದ್ದೊಂದು ಆಧಾರ್ ಕಾರ್ಡಿನ ಫೋಟೋ. ಅದರಲ್ಲಿ ಅವಳು ಬೇರೆಯವರ ಹೊಲದಲ್ಲಿ ಸಿಕ್ಕಿಬಿದ್ದ ಆಡಿನ ಹಾಗೆ ಕಾಣುತ್ತಿದ್ದಳು. ನಾಗಲಿಂಗ ನೆನಪಿನಿಂದಲೇ ಹತ್ತಾರು ಸಲ ಬರೆದ, ಹತ್ತಾರು ಸಲ ಕೆರೆದು ಹಾಕಿದ. ಕಣ್ಣು ಬರುತ್ತಿತ್ತು, ಮೂಗು ಬರುತ್ತಿತ್ತು, ಬಾಯಿ ಬರುತ್ತಿರಲಿಲ್ಲ. ಮಾಯಕ್ಕ ಬೈಯುವಾಗ ತುಟಿಯ ಎಡತುದಿಯಲ್ಲಿ ಒಂದು ನಗು ಹಿಡಿದಿಟ್ಟುಕೊಂಡಿರುತ್ತಿದ್ದಳು. ಬೈಗುಳ ಬರೆದರೆ ನಗು ಹೋಗುತ್ತಿತ್ತು, ನಗು ಬರೆದರೆ ಅವಳೇ ಹೋಗುತ್ತಿದ್ದಳು.

“ಮಂದಿ ಹೆಣಕ್ಕೆಲ್ಲಾ ಜೀವ ತುಂಬತಾನ, ತನ್ನ ಹೇಣ್ತಿಗೆ ಒಂದ ಮುಖ ಇಲ್ಲ” ಎಂದು ನಂದಗಡದಿಂದ ಬಂದ ಅವಳ ಅಣ್ಣ ಆಡಿಹೋದ. ನಾಗಲಿಂಗ ಖಾಲಿ ಚೌಕಟ್ಟಿಗೆ ಸೋಮವಾರಕ್ಕೊಮ್ಮೆ ಹೂವಿನ ಮಾಲೆ ಹಾಕುವುದನ್ನು ಬಿಡಲಿಲ್ಲ.

ಇಂಥ ಹೊತ್ತಿನಲ್ಲಿ ಗೌರೀಶ ಬಂದ. ಬೆಳಗಾವಿಯ ಟಿಳಕವಾಡಿಯಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಅವನ ಆಫೀಸು. ಮೂರು ಕುರ್ಚಿ, ಮೂರು ಕಂಪ್ಯೂಟರು. ಪರದೇಶದ ಕಂಪನಿಗಳ ಮೊಬೈಲ್ ಆಟಕ್ಕೆ ಚಿತ್ರ ಮಾಡಿ ಕೊಡುವುದು ಕಸುಬು. ಖಾನಾಪುರಕ್ಕೆ ಮದುವೆಗೆ ಬಂದವನು ಮುಚ್ಚಿದ ಸೈಕಲ್ ಅಂಗಡಿಯ ಮೇಲೆ ನಾಗಲಿಂಗ ಬರೆದ ಹಳೆಯ ಬೋರ್ಡು ನೋಡಿದ. ಕೆಂಪು ಅಕ್ಷರ, ಹಳದಿ ನೆರಳು. ಊಟ ಬಿಟ್ಟು ಪೇಂಟರನ ಮನೆ ಹುಡುಕಿಕೊಂಡು ಬಂದ. ಕಂಪ್ಯೂಟರಿನ ಗೆರೆ ಅತೀ ಸ್ವಚ್ಛ, ಅವನಿಗೆ ಕೈಯಲ್ಲಿ ಎಳೆದ ಒರಟು ಗೆರೆ ಬೇಕಾಗಿತ್ತು.

ಕರಾರು ಪತ್ರ ಇಂಗ್ಲಿಷಿನಲ್ಲಿದ್ದುದರಿಂದ ನಾಗಲಿಂಗ ನನ್ನನ್ನು ಟಿಳಕವಾಡಿಗೆ ಕರೆದುಕೊಂಡು ಹೋದ. ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ನಾನು ಕನ್ನಡಕ ಹಾಕಿಕೊಂಡು ನಾಲ್ಕು ಹಾಳೆ ಓದಿದೆ. ಚಿತ್ರಗಳೆಲ್ಲ ಪರದೇಶದವರ ಸ್ವತ್ತು, ಇವರು ಪ್ರತಿ ಇಟ್ಟುಕೊಳ್ಳುವ ಹಾಗಿಲ್ಲ ಎಂದಿತ್ತು. ‘ಮನರಂಜನೆಯ ಉತ್ಪನ್ನ’ ಎಂದೂ ಇತ್ತು. ಮನರಂಜನೆ ಒಳ್ಳೆಯದೇ ಎಂದುಕೊಂಡು “ಸಹಿ ಮಾಡು ನಾಗಲಿಂಗ” ಎಂದೆ. ಮುಂದೆ ಆದದ್ದಕ್ಕೆಲ್ಲ ನಾನೂ ಪಾಲುದಾರಳು ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಗೌರೀಶ ಆಟವನ್ನು ವಿವರಿಸಿದ. ಪರದೆಯ ಮೇಲೆ ಐದು ಕಂಬ, ಕಂಬಕ್ಕೆ ಮೂರು ಚಿತ್ರ. ಗುಂಡಿ ಒತ್ತಿದರೆ ಕಂಬ ಗರಗರ ತಿರುಗಿ ನಿಲ್ಲುತ್ತವೆ. ಒಂದೇ ಮುಖ ಒಂದು ಸಾಲಿನಲ್ಲಿ ಬಂದರೆ ಗೆದ್ದಂತೆ. ಹಿಂದೆ ಇಟ್ಟಂಗಿಯ ಗೋಡೆ, ಹರಿದ ಪೋಸ್ಟರು, ಕಣ್ಣು ಕುಕ್ಕುವ ಗುಲಾಬಿ ಮತ್ತು ಹಸಿರು ಬಣ್ಣ. ನಡುನಡುವೆ ಗಿಟಾರು, ಬೂಟು, ತಲೆಬುರುಡೆ, ಪಿನ್ನು.

“ಎಲ್ಲಾ ಪಂಕ್ ಇರಬೇಕ ಕಾಕಾ” ಎಂದ.

“ಪಂಕ್ ಅಂದ್ರೇನಪಾ?”

“ಐವತ್ತ ವರ್ಷದ ಹಿಂದ ವಿಲಾಯತಿ ಹುಡುಗರು ಶುರು ಮಾಡಿದ್ದು. ಹರಕ ಅಂಗಿ, ಚರ್ಮದ ಕೋಟು, ಕಿವ್ಯಾಗ ಪಿನ್ನು, ತಲಿ ಮ್ಯಾಲ ಹುಂಜದ ಜುಟ್ಟ. ಅವರು ಯಾರ ಮಾತೂ ಕೇಳಂಗಿಲ್ಲ. ಅಪ್ಪಂದು, ಮಾಸ್ತರಂದು, ಸರಕಾರದ್ದು, ಯಾರದೂ.”

“ಯಾರದೂ ಕೇಳಂಗಿಲ್ಲ” ಎಂದು ನಾಗಲಿಂಗ ಗಂಭೀರವಾಗಿ ಮನಸ್ಸಿನಲ್ಲಿ ಬರೆದುಕೊಂಡ.

“ಎಂಟ ಮುಖ ಬೇಕು. ಒಂದ ನೆನಪಿಡ್ರಿ, ಬದುಕಿದ್ದ ಮಂದಿ ಮುಖ ಬ್ಯಾಡ. ನಾಳೆ ಯಾರರ ನೋಡಿ ಕೇಸ್ ಹಾಕಿದ್ರ ನನ್ನ ಆಫೀಸಿಗೆ ಬೀಗಾನ.”

ಮನಸ್ಸಿನಿಂದ ಹುಟ್ಟಿಸಿ ಬರೆಯಿರಿ ಎಂಬುದು ಗೌರೀಶನ ಅರ್ಥ. ಊರಿಗೆ ಮರಳುವ ಬಸ್ಸು ಪಿರಣವಾಡಿ ದಾಟಿದಾಗ ನಾಗಲಿಂಗ ನನ್ನ ಕಡೆ ತಿರುಗಿ, “ಅಕ್ಕಾರ, ಯಾರ ಮಾತೂ ಕೇಳದವರು, ಕೇಸ್ ಹಾಕದವರು, ನನ್ನ ಹಂತ್ಯಾಕ ಭಾಳ ಮಂದಿ ಅದಾರ” ಎಂದ. ನನಗೆ ಕಿಟಕಿಯ ಗಾಳಿಗೆ ತೂಕಡಿಕೆ ಹತ್ತಿತ್ತು. ಹೂಂ ಎಂದುಬಿಟ್ಟೆ.

ಗೌರೀಶ ಒಂದು ಗಾಜಿನ ಪಾಟಿ ಕೊಟ್ಟಿದ್ದ, ಜೊತೆಗೊಂದು ಬಣ್ಣವಿಲ್ಲದ ಪೆನ್ನು. ಗಾಜಿನ ಮೇಲೆ ಎಳೆದದ್ದು ನೇರ ಟಿಳಕವಾಡಿಯ ಕಂಪ್ಯೂಟರಿಗೆ ಹೋಗುತ್ತಿತ್ತು. ನಾಗಲಿಂಗ ಮೊದಲ ವಾರ ಆ ಪೆನ್ನನ್ನು ದಿನಾ ಸಂಜೆ ಟರ್ಪೆಂಟೈನಿನಲ್ಲಿ ಅದ್ದಿ ತೊಳೆದಿಟ್ಟ. ಗೌರೀಶ ಹೊಸ ಪೆನ್ನು ತಂದುಕೊಟ್ಟ.

ಏಳು ಮುಖ ಮುಗಿದವು. ಎಂಟನೆಯದು ಮಾತ್ರ ವಿಶೇಷ ಎಂದು ಗೌರೀಶ ಫೋನಿನಲ್ಲಿ ಹೇಳಿದಾಗ ನಾನೂ ಅಲ್ಲೇ ಇದ್ದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ವೈಲ್ಡ್’ ಎನ್ನುತ್ತಾರಂತೆ. “ಇದು ಯಾರ ಜಾಗಾದಾಗ ಬೇಕಾದ್ರೂ ನಿಲ್ಲತೈತಿ ಕಾಕಾ. ಎರಡ ಗಿಟಾರ ಬಂದು ಮೂರನೇದು ಬರಲಿಲ್ಲ ಅಂದ್ರ, ಇದ ಗಿಟಾರ ಆಗತೈತಿ. ಬೂಟ ಕಡಿಮಿ ಬಿದ್ರ ಬೂಟ.”

ನಾಗಲಿಂಗ ಪೆನ್ನು ಕೆಳಗಿಟ್ಟ. ಮಾಯಕ್ಕ ಏಣಿ ಹಿಡಿಯುವವನು ಬರದಿದ್ದರೆ ಏಣಿ ಹಿಡಿದವಳು, ಬಣ್ಣ ಕಲಸುವವನು ಬರದಿದ್ದರೆ ಬಣ್ಣ ಕಲಸಿದವಳು. ಸಂಗವ್ವ ಜ್ವರದಲ್ಲಿ ಮಲಗಿದಾಗ ಅವಳ ಎಮ್ಮೆ ಹಿಂಡಿದವಳು. ಗೋಡೆಯ ಮೇಲಿಂದ ಆ ಮನೆಗೂ ಈ ಮನೆಗೂ ಊಟದ ಡಬ್ಬಿ ಹೋಗುವುದು ಬರುವುದು ಅವಳು ಇದ್ದಷ್ಟು ದಿನ ನಿಂತದ್ದಿಲ್ಲ.

“ಮತ್ತ ಅದರ ಜಾಗಾದಾಗ ಬ್ಯಾರೆ ಯಾರರ ನಿಲ್ಲತಾರೇನು?” ಎಂದು ಕೇಳಿದ.

“ಇಲ್ಲ ಕಾಕಾ. ಅದರ ಜಾಗಾಕ್ಕ ಬ್ಯಾರೆ ಯಾವ ಚಿತ್ರಾನೂ ನಡಿಯಂಗಿಲ್ಲ.”

“ಗೊತ್ತೈತಿ ತಗೋ” ಎಂದು ಫೋನಿಟ್ಟ.

ಅಂದು ಮಧ್ಯಾಹ್ನ ಗಾಜಿನ ಮೇಲೆ ಅವಳು ಬಂದಳು. ಅರ್ಧ ತಲೆ ಬೋಳು, ಅರ್ಧ ನೇರಳೆ ಕೂದಲು, ಕಿವಿಯಲ್ಲಿ ಪಿನ್ನು, ಮೈಮೇಲೆ ಕರಿ ಚರ್ಮದ ಕೋಟು, ಹಣೆಯಲ್ಲಿ ಕಾಸಿನಗಲ ಕುಂಕುಮ. ಮತ್ತು ಬಾಯಿ. ಬೈಗುಳವೂ ಇತ್ತು, ಎಡತುದಿಯಲ್ಲಿ ನಗುವೂ ಇತ್ತು. ನಾನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ನೋಡಿದೆ. ನಾಗಲಿಂಗ ಪಾಟಿಯನ್ನು ಎದೆಗೆ ಆನಿಸಿಕೊಂಡು ಬಹಳ ಹೊತ್ತು ಅಂಗಳದಲ್ಲಿ ನಿಂತಿದ್ದ. ಕಾಗದದ ಮೇಲೆ ಬರೆದಿದ್ದರೆ ಇಟ್ಟುಕೊಳ್ಳಬಹುದಿತ್ತು. ಗಾಜಿನ ಮೇಲೆ ಬರೆದದ್ದು ಹೊರಟುಹೋಯಿತು.

ಪರದೇಶದವರು ಮೆಚ್ಚಿದರು. ಹಣೆಯ ಮೇಲಿನ ಬಿಳಿ ಗೆರೆಗಳೂ ಹಳದಿ ಪುಡಿಯೂ ಪಂಕ್ ಜನರ ಹೊಸ ಶೈಲಿ ಎಂದು ತಿಳಿದು ಇನ್ನಷ್ಟು ಮೆಚ್ಚಿದರು. ಇಲ್ಲಿ ನಾಗಲಿಂಗನಿಗೆ ಸಣ್ಣ ಜಂಬ ಬಂದದ್ದು ತಪ್ಪಲ್ಲ. ಮನೆಯ ಮುಂದೆ ‘ನಾಗಲಿಂಗ, ಅಂತರರಾಷ್ಟ್ರೀಯ ಕಲಾವಿದರು’ ಎಂದು ಬೋರ್ಡು ಹಾಕಿದ. ಕೆಂಪು ಅಕ್ಷರ, ಹಳದಿ ನೆರಳು. ಆಟ ಹೊರಬಂದ ಮರುದಿನವೇ ಓಣಿಯವರನ್ನೆಲ್ಲ ಚಹಾಕ್ಕೆ ಕರೆದ. ಸಂಗವ್ವನ ಮಗಳು ಸಾಕ್ಷಿ ತನ್ನ ಫೋನನ್ನು ಟಿವಿಗೆ ಜೋಡಿಸಿ ಕೊಟ್ಟಳು. ದುಡ್ಡು ಹಾಕದೆ ಸುಮ್ಮನೆ ಆಡಿ ನೋಡುವ ಮಾದರಿ ಆಟ ಅದು.

ಕಂಬಗಳು ತಿರುಗಿದವು. ಗಿಟಾರಿನ ಸದ್ದಿಗೆ ಸಂಗವ್ವನ ಎಮ್ಮೆ ಎದ್ದು ನಿಂತಿತು. ಮೊದಲ ಕಂಬ ನಿಂತಿತು. ತಲೆಯ ಮೇಲೆ ಮೊಳದುದ್ದ ಗುಲಾಬಿ ಜುಟ್ಟು, ಮೂಗಿನಲ್ಲಿ ಬಳೆ, ಹಣೆಯಲ್ಲಿ ಮೂರೆಳೆ ವಿಭೂತಿ, ಒದ್ದೆ ಕಣ್ಣು. ಎರಡನೆಯದೂ ಅದೇ. ಮೂರನೆಯದೂ ಅದೇ. ಮೂರು ಬಸಲಿಂಗಪ್ಪನವರು ಒಂದೇ ಸಾಲಿನಲ್ಲಿ ನಿಂತರು, ಅವರ ಮೇಲೆ ಬಂಗಾರದ ನಾಣ್ಯ ಸುರಿಯತೊಡಗಿತು.

ಬಸಲಿಂಗಪ್ಪನವರು ದೀಪಾವಳಿಯಲ್ಲೂ ಮನೆಯೊಳಗೆ ಇಸ್ಪೀಟು ಸೇರಿಸದ ಮನುಷ್ಯರು.

“ನಮ್ಮ ಮಾವನ ತಲಿ ಮ್ಯಾಲ ಏನದು?” ಸಂಗವ್ವ ಮೆಲ್ಲಗೆ ಕೇಳಿದಳು.

“ಪಂಕ್ ಸಂಗಕ್ಕ” ಎಂದ ನಾಗಲಿಂಗ.

“ಪಂಕ್ ಇರಲಿ. ಇದು ಜೂಜ ಅಲ್ಲೇನು?”

ಅಷ್ಟರಲ್ಲಿ ಸಾಕ್ಷಿ ಮತ್ತೆ ಗುಂಡಿ ಒತ್ತಿದಳು. ಮುಂದಿನ ಸುತ್ತಿಗೆ ನಮ್ಮ ಮನೆಯವರು ಬಂದರು. ಮೂವತ್ತೆಂಟು ವರ್ಷ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿದ ಸಾಧು ಮನುಷ್ಯ, ಹಸಿರು ಮುಳ್ಳುಗೂದಲಿನಲ್ಲಿ ಡೋಲಿನ ಹಿಂದೆ ಕೂತಿದ್ದರು. ಅಂಗಿ ಹದಿನಾರು ಕಡೆ ಹರಿದಿತ್ತು. ಮೇಲಿನ ಗುಂಡಿ ಮಾತ್ರ ಹಾಕಿತ್ತು. ನಾನು ಸಿಟ್ಟಾಗಬೇಕು ಎಂದುಕೊಂಡೆ, ಆಗಲಿಲ್ಲ.

“ಸತ್ತವರನ್ನ ಜೂಜಿಗೆ ಹಚ್ಚಿದಿ ನಾಗಲಿಂಗಾ. ನಾಳೆ ನನ್ನೂ ತಿರಗಸ್ತಿ” ಎಂದು ಸಂಗವ್ವ ಎದ್ದಳು. ಅವಳ ಹಿಂದೆ ಕುರ್ಚಿಗಳೆಲ್ಲ ಎದ್ದವು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಆ ಗದ್ದಲದಲ್ಲಿ ನಾಗಲಿಂಗ ಒಬ್ಬನೇ ಟಿವಿಯ ಹತ್ತಿರ ಹೋಗಿ ನಿಂತಿದ್ದ. ಪರದೆಯ ಮೇಲೆ ಮಾಯಕ್ಕ ಬಂದಿದ್ದಳು. ಪರದೇಶದವರು ಅವಳ ಮುಖದ ಮೇಲೆ ಕೆನ್ನೆಯಿಂದ ಕೆನ್ನೆಗೆ ಒಂದು ಬಂಗಾರದ ಪಟ್ಟಿ ಹೊಡೆದು, ಅದರ ಮೇಲೆ ಇಂಗ್ಲಿಷಿನಲ್ಲಿ ‘ವೈಲ್ಡ್’ ಎಂದು ಬರೆದಿದ್ದರು.

“ಅಕ್ಕಾರ, ಅಕಿ ಬಾಯಿ ಎಲ್ಲಿ?” ಎಂದು ಕೇಳಿದ.

ಸಂಗವ್ವ ಪೊಲೀಸರಿಗೆ ಹೇಳಿ ಬಂದಳು. ಮರುದಿನ ಹವಾಲ್ದಾರ ಬಾಳೇಶ ಪಂಚನಾಮೆಯ ಹಾಳೆ ಹಿಡಿದು ನಾಗಲಿಂಗನ ಮನೆಗೆ ಬಂದ, ನಾನೂ ಅಲ್ಲಿದ್ದೆ. ಅಪರಾಧವನ್ನು ಬರೆದುಕೊಳ್ಳುವುದು ಅವನಿಗೆ ಸುಲಭವಾಗಲಿಲ್ಲ. ನೊಂದವರು ಯಾರು ಎಂಬಲ್ಲಿ ‘ಬಸಲಿಂಗಪ್ಪ, ದಿವಂಗತ’ ಎಂದು ಬರೆದ. ಆದ ಗಾಯ ಎಂಬಲ್ಲಿ ಪೆನ್ನು ಕಚ್ಚಿ ಯೋಚಿಸಿ ‘ಕೂದಲು’ ಎಂದು ಬರೆದ.

“ಎಲ್ಲೈತಿ ತೋರಸ್ರಿ ಆಟ” ಎಂದ.

ನಾನೇ ನನ್ನ ಫೋನಿನಲ್ಲಿ ಒತ್ತಿದೆ. ಕಂಬ ನಿಂತಾಗ ಬಾಳೇಶನ ಪೆನ್ನೂ ನಿಂತಿತು. ಮೂರನೇ ಕಂಬದಲ್ಲಿ ಭಂಡಾರ ಬಳಿದ ಹಣೆಯ ಒಬ್ಬ ಮುದುಕ ಕುರಿತುಪ್ಪಟದ ಹಾಗೆ ಗುಂಗುರು ಕೂದಲು ಬಿಟ್ಟುಕೊಂಡು, ಮೈಕು ಹಿಡಿದು ಹಾಡುತ್ತಿದ್ದ. ಕುರಿ ಕಾಯ್ದು ಮಗನನ್ನು ಓದಿಸಿದ ಬಾಳೇಶನ ಅಪ್ಪ. ಮೂರು ವರ್ಷದ ಹಿಂದೆ ತೀರಿಕೊಂಡಾಗ ಚಿತ್ರ ಬರೆಸಿದವನು ಬಾಳೇಶನೇ.

ಅವನು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಹಾಡತಿದ್ದಾರಿ ನಮ್ಮಪ್ಪ” ಎಂದ. “ಮಂದಿ ಮುಂದ ನಾಚತಿದ್ದಾ. ಕುರಿ ಮುಂದ ಹಾಡತಿದ್ದಾ.” ಫೋನಿನ ಕಡೆ ಬಾಗಿ, “ಅಕ್ಕಾರ, ಇನ್ನೊಮ್ಮಿ ತಿರಗಸ್ರಿ” ಎಂದ.

ಇಪ್ಪತ್ತೆರಡು ಸಲ ತಿರುಗಿಸಿದೆ. ಅಪ್ಪ ನಾಲ್ಕು ಸಲ ಬಂದ. ಪಂಚನಾಮೆಯನ್ನು ಬಾಳೇಶ ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು ಹೋದ. ತನಿಖೆ ಮುಂದುವರಿದಿದೆ ಎಂದು ಹೇಳಲು ಮರೆಯಲಿಲ್ಲ.

ಆ ವಾರ ಓಣಿಯಲ್ಲಿ ಸಿಟ್ಟು ಮಾಡಿದವರೇ ಒಬ್ಬೊಬ್ಬರಾಗಿ ನನ್ನ ಮನೆಗೆ ಬಂದರು. ಸಕ್ಕರೆ ಕೇಳುವ ನೆವ, ಬೆರಳಿನ ಮುಳ್ಳು ತೆಗೆಸುವ ನೆವ. ಕೂತ ಮೇಲೆ, “ಅಕ್ಕಾರ, ನಮ್ಮವ್ವ ಬರ್ತಾಳೇನ ನೋಡೂಣು” ಎನ್ನುತ್ತಿದ್ದರು. ಗೋಡೆಯ ಮೇಲೆ ಅವ್ವ ದಿನಾ ಇರುತ್ತಾಳೆ. ಆದರೆ ಅವಳು ಬರುವುದಿಲ್ಲ. ಇಲ್ಲಿ ಕಾಯಬೇಕು, ಕಾದರೆ ಬರುತ್ತಿದ್ದಳು. ಸಂಗವ್ವ ಮಾತ್ರ ಬರಲಿಲ್ಲ. ನಾಗಲಿಂಗ ಎದುರಾದರೆ ಸೆರಗು ಎಳೆದುಕೊಂಡು ಬಾಜು ಸರಿದು ಹೋಗುತ್ತಿದ್ದಳು.

ಜೂಜಿನ ಮಟ್ಟಿಗೆ ಬಸಲಿಂಗಪ್ಪನವರ ಮಾನ ಉಳಿಸಿದ್ದು ಪೊಲೀಸರಲ್ಲ, ನಾಗಲಿಂಗನ ಕಣ್ಣುಗಳು. ಹದಿನೈದು ದಿನಕ್ಕೆ ಪರದೇಶದಿಂದ ಪತ್ರ ಬಂತು. ಜನ ಎರಡು ಸಲ ಒತ್ತಿ ಆಟ ಬಿಟ್ಟು ಹೋಗುತ್ತಿದ್ದಾರೆ, ಮುಖಗಳು ತಮ್ಮನ್ನೇ ನೋಡುತ್ತವೆ ಎನ್ನುತ್ತಾರೆ, ಒಬ್ಬ ಆಟ ನಿಲ್ಲಿಸಿ ಆರು ವರ್ಷದ ಮೇಲೆ ತನ್ನ ತಾಯಿಗೆ ಫೋನು ಮಾಡಿದನಂತೆ. ಇಂಥ ಆಟ ನಡೆಯುವುದಿಲ್ಲ. ಮುಖಗಳನ್ನೆಲ್ಲ ತೆಗೆದುಹಾಕಿ, ನಿಮ್ಮಲ್ಲಿರುವುದನ್ನೂ ಅಳಿಸಿ.

ಗೌರೀಶ ಫೋನಿನಲ್ಲಿ ಇದನ್ನು ಹೇಳಿದ ಗಂಟೆಯೊಳಗೆ ನಾಗಲಿಂಗ ಮಡಿ ಅಂಗಿ ಹಾಕಿಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದ. ಫೋನಿನಲ್ಲೇ ಫೋಟೋ ಹಿಡಿದುಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಹಿಡಿದಿದ್ದೆವು. ಎಲ್ಲದರಲ್ಲೂ ಪಟ್ಟಿ ಇತ್ತು. ಪಟ್ಟಿ ಇಲ್ಲದ ಮಾಯಕ್ಕ ಇದ್ದದ್ದು ಟಿಳಕವಾಡಿಯ ಕಂಪ್ಯೂಟರಿನೊಳಗೆ ಮಾತ್ರ.

ಎಂಟನೆಯ ಮುಖ ನಾಗಲಿಂಗನ ಹೆಂಡತಿಯದು ಎಂದು ನಾನು ಹೇಳಿದೆ. ಗೌರೀಶ ನಮ್ಮನ್ನು ಕೂಡಿಸಿದ. ಕೆಳಗಿನ ಬೇಕರಿಯಿಂದ ಚಹಾ, ಖಾರಿ ಬಿಸ್ಕತ್ತು ತರಿಸಿದ. ಆಮೇಲೆ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದ. ಪರದೆ ಖಾಲಿ ಇತ್ತು.

“ಮುಂಜಾನೇನ ಅಳಿಸಿದೆ ಕಾಕಾ. ಅವರು ವಿಡಿಯೋ ಕಾಲಿನ್ಯಾಗ ಕುಂತ ನೋಡಾಕತ್ತಿದ್ರು. ನೀವು ಒಂದ ಮಾತ ಮೊದಲ ಹೇಳಿದ್ರ...” ಚಹಾದ ಕಪ್ಪನ್ನು ನಾಗಲಿಂಗನ ಕಡೆ ಸರಿಸಿದ. “ನಂಗ ಗೊತ್ತಿದ್ದಿಲ್ಲ, ಅದು ಕಾಕು ಅಂತ.”

“ಇರಲಿ ಬಿಡಪಾ. ನೀ ಏನ ಮಾಡ್ತಿ.” ನಾಗಲಿಂಗ ಖಾರಿಯನ್ನು ಚಹಾದಲ್ಲಿ ಅದ್ದಿದ. ಅದು ಮೆತ್ತಗಾಗಿ ಮುರಿದು ಒಳಗೆ ಬಿತ್ತು. ಅವನು ನೋಡುತ್ತ ಕೂತ.

ಗೌರೀಶ ಎದ್ದು ಗೋಡೆಗೆ ಚುಚ್ಚಿದ್ದ ಒಂದು ದೊಡ್ಡ ಹಾಳೆಯನ್ನು ಪಿನ್ನು ಕಿತ್ತು ತಂದ. ಎಂಟು ಮುಖಗಳೂ ಇದ್ದ ಕೊನೆಯ ನಮೂನೆ, ಒಂದೊಂದು ಮುಖ ಗೇಣಗಲ. ಮಾಯಕ್ಕನ ಬಾಯಿಯ ಮೇಲೆ ಪಟ್ಟಿ ಇದ್ದೇ ಇತ್ತು.

“ಇದು ಕಾಗದ. ಕರಾರಿನ್ಯಾಗ ಕಾಗದದ ಮಾತ ಇಲ್ಲ. ಹೌದಲ್ಲರಿ ಅಕ್ಕಾರ?” ಎಂದು ನನ್ನ ಕಣ್ಣು ತಪ್ಪಿಸಿ ಕೇಳಿದ.

ಪ್ರತಿ ಎಂದರೆ ಕಾಗದವೂ ಸೇರುತ್ತದೆ ಎಂದು ನನಗೆ ಗೊತ್ತಿತ್ತು. ಮೂವತ್ತು ವರ್ಷದ ಇಂಗ್ಲಿಷನ್ನು ಪಕ್ಕಕ್ಕಿಟ್ಟು, “ಇಲ್ಲಪಾ” ಎಂದೆ.

ಮರುದಿನ ಮಧ್ಯಾಹ್ನ ನಾನು ಹೋದಾಗ ಅಂಗಳದ ತುಂಬ ಆ ಹಳೆಯ ವಾಸನೆ ಇತ್ತು. ನಾಗಲಿಂಗ ಮಾಯಕ್ಕನನ್ನು ಕತ್ತರಿಸಿ ಚೌಕಟ್ಟಿಗೆ ಅಂಟಿಸಿದ್ದ. ಉಳಿದ ಏಳು ಮುಖಗಳನ್ನು ಬೇರೆ ಬೇರೆ ಕತ್ತರಿಸಿ, ಹಿಂದೆ ಆಯಾ ಮನೆಯ ಹೆಸರು ಬರೆದು, ಕಟ್ಟೆಯ ಮೇಲೆ ಸಾಲಾಗಿಟ್ಟು ಕಲ್ಲು ಹೇರಿದ್ದ. ‘ಅಂತರರಾಷ್ಟ್ರೀಯ ಕಲಾವಿದರು’ ಬೋರ್ಡನ್ನು ಕೆಳಗಿಳಿಸಿ ಗೋಡೆಗೆ ಮುಖ ಮಾಡಿ ಒರಗಿಸಿದ್ದ.

“ಪಟ್ಟಿ ಮ್ಯಾಲ ಬಾಯಿ ಬರಿ ನಾಗಲಿಂಗ. ಅವತ್ತ ಬಂದಿತ್ತು, ಇವತ್ತೂ ಬಂದೀತು” ಎಂದೆ.

“ಮುಂಜಾನಿಂದ ಆರ ಸಲ ಬರದ ನೋಡಿದ್ನಿರಿ. ಒಮ್ಮೆ ಬಂದ್ಲು, ಹೋದ್ಲು.” ಕುಂಚ ಒರೆಸಿದ. “ಬಾಯಿ ಮುಚ್ಚಕೊಂಡ ಒಂದ ತಾಸ ಕುಂತಾಕಿ ಅಲ್ಲರಿ ಅಕಿ. ಈಗ ನೋಡ್ರಿ.”

 ಆಮೇಲೆ ತನಗೆ ಬರುವ ಕೆಲಸ ಮಾಡಿದ. ಪಟ್ಟಿಯ ಮೇಲಿನ ಇಂಗ್ಲಿಷ್ ಅಕ್ಷರಗಳಿಗೆ ಬಿಳಿ ಬಳಿದ. ಅದು ಒಣಗುವ ತನಕ ಕಾದು, ದಾರ ಹಿಡಿದು ಗೆರೆ ಹೊಡೆದು, ಸೈಕಲ್ ಅಂಗಡಿಯ ಬೋರ್ಡಿನ ಹಾಗೆಯೇ ಕೆಂಪು ಅಕ್ಷರದಲ್ಲಿ ಹಳದಿ ನೆರಳು ಕೊಟ್ಟು ‘ಮಾಯಕ್ಕ’ ಎಂದು ಬರೆದ.  ಚೌಕಟ್ಟನ್ನು ಮೊಳೆಗೆ ತೂಗುಹಾಕಿ ಮಾಲೆ ಹಾಕಿದ. ಖಾನಾಪುರದಲ್ಲಿ ನೇರಳೆ ಕೂದಲಿಗೆ, ಕಿವಿಯ ಪಿನ್ನಿಗೆ ಹೂವು ಏರುವ ಮನೆ ಅದೊಂದೇ ಇರಬೇಕು.

ಬಾಗಿಲಲ್ಲಿ ನೆರಳು ಬಿತ್ತು. ಸಂಗವ್ವ ನಿಂತಿದ್ದಳು. ಕಟ್ಟೆಯ ಮೇಲೆ ಕಲ್ಲಿನ ಕೆಳಗಿದ್ದ ಮಾವನ ಗುಲಾಬಿ ಜುಟ್ಟನ್ನು ನೋಡಿದಳು. ಒಳಗೆ ಬಂದು ಗೋಡೆಯ ಮೇಲಿನ ಮಾಯಕ್ಕನನ್ನು ನೋಡಿದಳು. ಮಾಲೆ ಒಂದು ಬದಿಗೆ ಜಾರಿತ್ತು. ಸರಿ ಮಾಡಿದಳು.

ಅವಳ ಸೆರಗಿನೊಳಗೆ ಎರಡು ಅಂತಸ್ತಿನ ಸ್ಟೀಲ್ ಡಬ್ಬಿ ಇತ್ತು. ಅದರ ಮೈಮೇಲೆ ಕೊರೆಸಿದ ಹೆಸರು ನನಗೆ ಕೂತಲ್ಲಿಂದಲೇ ಕಂಡಿತು, ಮಾಯಕ್ಕನದು. ಗೋಡೆಯ ಆ ಕಡೆಗೆ ಕೊನೆಯ ಸಲ ಹೋದದ್ದು ಎರಡು ವರ್ಷದಿಂದ ಅಲ್ಲೇ ಉಳಿದಿತ್ತು. ನಮ್ಮ ಕಡೆ ಡಬ್ಬಿಯನ್ನು ಖಾಲಿ ತಿರುಗಿ ಕೊಡುವುದಿಲ್ಲ. ಬಿಸಿ ರೊಟ್ಟಿಯ, ಎಣ್ಣೆಗಾಯಿಯ ವಾಸನೆ ಟರ್ಪೆಂಟೈನಿನ ನಡುವೆ ದಾರಿ ಮಾಡಿಕೊಂಡು ಬಂತು.

ನಾಗಲಿಂಗ ಎದ್ದು ಕೆಂಪು ಬಣ್ಣ ಮೆತ್ತಿದ ಕೈಗಳನ್ನು ಧೋತರಕ್ಕೆ ಒರೆಸಿಕೊಂಡ. ಬಣ್ಣ ಹೋಗಲಿಲ್ಲ. ಸಂಗವ್ವ ಡಬ್ಬಿಯನ್ನು ಆ ಕೈಗಳಲ್ಲೇ ಇಟ್ಟಳು.